ಕೊನೆಯ ಬೆಂಚಿಗೆ ಕೇಳಬೇಕು

ಜನವರಿ 6, ಸಂಜೆ 7

ಪುರವರದ ಬಸ್ ಇವತ್ತೂ ಲೇಟು. ಅಲ್ಲಿನ ಹೈಸ್ಕೂಲಿನಲ್ಲಿ ಆರನೇ ಅಭ್ಯಾಸ ಪಾಠ ಮುಗಿಯಿತು. ಒಂಬತ್ತನೇ ಕ್ಲಾಸು, ಶಬ್ದದ ಪಾಠ. ಪ್ರಯೋಗ ಚೆನ್ನಾಗಿಯೇ ಬಂತು. ಬಿ.ಎಡ್. ಕಾಲೇಜಿನ ರಂಗೇಶ್ ಸರ್ ಹಿಂದೆ ಕೂತು ನೋಡಿ, ಕೆಂಪು ಇಂಕಿನಲ್ಲಿ ಅದೇ ಸಾಲು ಬರೆದರು — ‘ಧ್ವನಿ ಕೊನೆಯ ಬೆಂಚಿಗೆ ತಲುಪುವುದಿಲ್ಲ.’ ಆರಕ್ಕೆ ಆರೂ ಸಲ! ಶಬ್ದದ ಪಾಠ ಮಾಡುವವಳಿಗೇ ಶಬ್ದವಿಲ್ಲ. ಥೂ.

“ಅಂತಿಮ ಪಾಠದಲ್ಲೂ ಹಿಂಗೇ ಆದ್ರೆ ಪಾಸ್ ಮಾಡಕ್ಕಾಗಲ್ಲ, ಶಾಂತಕುಮಾರಿ” ಅಂದರು. ಪಾಸಾಗದಿದ್ದರೆ ಬಿ.ಎಡ್. ಇಲ್ಲ, ಸೈನ್ಸ್ ಟೀಚರ್ ಆಗುವ ಆಸೆಯೂ ಅಲ್ಲಿಗೇ ಮುಗಿಯಿತು.

ಮೆತ್ತಗೆ ಮಾತಾಡುವ ಸೊಸೆ ಅಂತ ಆರು ವರ್ಷದಿಂದ ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ಅದೇ ಈಗ ಮುಳುವಾಯಿತು.

ಜನವರಿ 11

ಅತ್ತೆಗೆ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಕ್ಕರು.

“ಅಷ್ಟೇಯಾ? ನಾಳೆ ಕುರಿ ಜೊತೆ ಬಾ.”

ಜನವರಿ 12, ಭಾನುವಾರ

ಒಣಗಿದ ಕೆರೆಯಂಗಳ. ಕುರಿಗಳ ಜೊತೆ ಅತ್ತೆ ಆಚೆ ದಡದಲ್ಲಿ, ನಾನು ಏರಿಯ ಮೇಲೆ. ಕೈಯಲ್ಲಿ ಲೆಸನ್ ಪ್ಲಾನ್. “ಶಬ್ದ ಹರಡಲು ಮಾಧ್ಯಮ ಬೇಕು!” ಅಂದೆ.

ಅತ್ತೆ ಕಿವಿಗೆ ಕೈ ಇಟ್ಟುಕೊಂಡು, “ಕೇಳುಸ್ತಿಲ್ಲ ಕಣಮ್ಮ!” ಅವರ ದನಿ ಮಾತ್ರ ಪಕ್ಕದಲ್ಲೇ ನಿಂತ ಹಾಗೆ ಕೇಳುತ್ತದೆ.

ನಾಲ್ಕು ಸಲ ಆಯಿತು. ಓಡಿಹೋಗಿ ಹೇಳಿದೆ — “ನಿಮ್ಮ ಮುಂದೆ ಹೆಂಗತ್ತೆ ದನಿ ಎತ್ತೋದು?”

“ಲೇ, ನಾನೇ ಕೂಗು ಅಂತಿವ್ನಲ್ಲ! ನಾಚ್ಕೆ ಬುಡು. ಗಂಟ್ಲಿಂದ ಬ್ಯಾಡ, ಹೊಟ್ಟೆಯಿಂದ ಕೂಗು!”

ವಾಪಸ್ ಏರಿ ಹತ್ತಿ ಕೂಗಿದೆ. ಕುರಿಗಳೆಲ್ಲ ತಲೆ ಎತ್ತಿದವು. ಅತ್ತೆ ಕೋಲು ಮೇಲೆತ್ತಿದರು, ಕೇಳಿತು ಅಂತ. ನಗು ತಡೆಯಲಾಗಲಿಲ್ಲ.

ಜನವರಿ 13

ಗಂಟಲು ಕೂತಿದೆ. ಅತ್ತೆ ಮೆಣಸಿನ ಹಾಲು ಕೊಟ್ಟರು. ಮುಂದಿನ ಭಾನುವಾರವೂ ಹೋಗಬೇಕಂತೆ... ಅಯ್ಯೋ ದೇವರೇ.

ಫೆಬ್ರವರಿ 20

ಅಂತಿಮ ಪಾಠ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಕೊನೆಯ ಬೆಂಚಿನಲ್ಲೇ ಕೂತರು. ಅಲ್ಲಿ ಕೂತಿರುವುದು ಅತ್ತೆ ಅಂದುಕೊಂಡೆ. ಕೂಗಿದೆ... ಅಲ್ಲ, ಪಾಠ ಮಾಡಿದೆ.

ಪಕ್ಕದ ಕ್ಲಾಸಿನ ಮೇಡಂ ಬಾಗಿಲಲ್ಲಿ ಇಣುಕಿ, “ಸ್ವಲ್ಪ ಮೆತ್ತಗೆ, ಮೇಡಂ” ಅಂದರು. ನನಗೆ ಯಾರಾದರೂ ಹಾಗಂದದ್ದು ಜನ್ಮದಲ್ಲೇ ಮೊದಲು! ಕಣ್ಣು ತುಂಬಿ ಬಂತು. ಅತ್ತೆಯ ಋಣ ಹೇಗೆ ತೀರಿಸುತ್ತೇನೋ.

ಜೂನ್ 14

ಫಸ್ಟ್ ಕ್ಲಾಸ್! ಅಂತಿಮ ಪಾಠಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ.

ಅತ್ತೆಗೆ ಓದು ಬಾರದು. ಬಾಗಿಲಲ್ಲಿ ನಿಂತು ಮಾರ್ಕ್ಸ್ ಕಾರ್ಡ್ ಓದಿ ಹೇಳಿದೆ. ನಾಲ್ಕು ಮಾರು ದೂರದಲ್ಲಿ ಮರಿಗೆ ಸೊಪ್ಪು ಕಟ್ಟುತ್ತಿದ್ದರು. ಪಿಸುಗುಟ್ಟಿದರೂ ಕೇಳುವ ಕಿವಿ ಅವರದು. ಈ ಕಡೆ ತಿರುಗಲಿಲ್ಲ.

“ಕೇಳುಸ್ತಿಲ್ಲ ಕಣಮ್ಮ!”

ಎದುರುಮನೆ ದಾಸಮ್ಮ ಆಚೆ ಬಂದರು. ಮತ್ತೆ ಓದಿದೆ, ಹೊಟ್ಟೆಯಿಂದ. ಬೀದಿಯ ಕೊನೆಯ ಮನೆಯವರೂ ಆಚೆ ಬಂದರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇನ್ನೂ ಕೇಳುಸ್ತಿಲ್ಲ” ಅಂದರು.

ಮೂರನೇ ಸಲ ಓದಿದೆ, ಊರಿಗೆಲ್ಲ ಕೇಳುವ ಹಾಗೆ.