ಎಡಗಡೆಗೆ ಬಂದ ಕೋಣ

ಅಕ್ಕಾ,

ಅದೂ ಸಾಲದು ಅಂತ, ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ನಲ್ಲಿ ನೀರು ನಿಂತೇಹೋಯ್ತು. ಈಗ ತಲೆ ತುಂಬಾ ಸುಣ್ಣದ ಪುಡಿ, ಅದರ ಮೇಲೆ ಒಣಗಿದ ಸೋಪು. ಮುಟ್ಟಿದರೆ ಚಕ್ಕೆ ಚಕ್ಕೆಯಾಗಿ ಉದುರ್ತಾ ಇದೆ. ನಾವು ರಿಪೇರಿ ಮಾಡ್ತಿರೋ ಗುಡಿ ಆಮೇಲೆ ನೋಡಿಕೊಳ್ಳಲಿ, ಮೊದಲು ನನ್ನನ್ನ ಯಾರಾದ್ರೂ ಜೀರ್ಣೋದ್ಧಾರ ಮಾಡಬೇಕು. ಬೆಳಿಗ್ಗೆ ಚಪ್ಪಲಿ ಕಿತ್ತುಹೋಯ್ತು, ಮಧ್ಯಾಹ್ನ ಕ್ರೇನಿನವನ ಹತ್ತಿರ ಬೈಸಿಕೊಂಡೆ, ಈಗ ರೂಮಿನವನು ಗೊರಕೆ ಹೊಡೀತಿದಾನೆ. ಹೊರಗೆ ಮೆಟ್ಟಿಲ ಮೇಲೆ ಕೂತು ವಾಯ್ಸ್ ಮೆಸೇಜಿಗೆ ಮಾತಾಡ್ತಿದೀನಿ. ದನಿ ಸಣ್ಣಗೆ ಕೇಳಿಸಿದರೆ ಅದಕ್ಕೇ.

ಭಾನುವಾರ ನೀನು ಫೋನ್ ಇಟ್ಟವಳು ಮತ್ತೆ ಎತ್ತಲೇ ಇಲ್ಲ. ಆಸ್ಪತ್ರೆ ಟೆಲಿಫೋನ್ ಕೌಂಟರಿನಲ್ಲಿ ಕೂತು ಊರವರದೆಲ್ಲಾ ಎತ್ತುತ್ತೀಯ, ತಮ್ಮಂದು ಮಾತ್ರ ಭಾರ. ಇರಲಿ. ನಾಳೆ ಬೆಳಿಗ್ಗೆ ಬಸ್ಸಿಗೆ ನಾನು ಇಲ್ಲಿಂದ ಹೊರಡೋನು. ಬೇರೆ ಊರು, ದೊಡ್ಡ ದೊಡ್ಡ ಕಟ್ಟಡ, ಟೈಲ್ಸ್ ಕೆಲಸ, ಇದರಷ್ಟು ಧೂಳಿಲ್ಲ. ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಾಗಿದೆ. 'ನಿನಗೆ ಪಾದರಸ ಅಂತಲೇ ಹೆಸರಿಡಬೇಕಿತ್ತು ಕಣೋ, ಒಂದಾದರೂ ಕೆಲಸದ ಕೊನೆ ನೋಡಿದೀಯಾ' ಅಂದೆಯಲ್ಲ, ಆ ಮಾತು ಇನ್ನೂ ಕಿವೀಲೇ ಇದೆ.

ಆದರೆ ನಾನು ಹೇಳೋಕೆ ಹೊರಟಿದ್ದು ಸೋಪಿನ ವಿಷಯ ಅಲ್ಲ. ಇವತ್ತು ಒಂದು ನೋಡಿಬಿಟ್ಟೆ. ನೋಡಬಾರದಿತ್ತು ಅನ್ನಿಸ್ತಿದೆ.

ಈ ಗುಡೀನ ನಿನಗೆ ಮೊದಲು ಕಟ್ಟಿಕೊಡ್ತೀನಿ, ಇರು. ನಮ್ಮೂರಿನದರ ಅಣ್ಣನೋ ತಮ್ಮನೋ ಇರಬೇಕು ಇದು. ಗೋಡೆ ನೆಟ್ಟಗೆ ಹೋಗಲ್ಲ, ಮಡಿಸಿದ ಕಾಗದದ ಹಾಗೆ ಮೂಲೆ ಮೂಲೆ. ಒಳಗಿನ ಕಂಬಗಳು ಬುಗುರಿ ಕಡೆದ ಹಾಗೆ ಉರುಟು, ಕೈಯಿಟ್ಟರೆ ಜಾರುತ್ತೆ. ಬಾಗಿಲು ಪೂರ್ವಕ್ಕೆ, ದೇವರು ಪಶ್ಚಿಮದ ಕತ್ತಲಲ್ಲಿ. ನಡುವಿನ ಮಂಟಪದ ನೆತ್ತಿ ಮೇಲೆ ಒಂಬತ್ತು ಹಾಸುಗಲ್ಲು, ಮೂರು ಸಾಲು. ನಡುವಿನದರಲ್ಲಿ ಕೆಳಮುಖದ ಕಮಲ. ಸುತ್ತ ಎಂಟರಲ್ಲಿ ಎಂಟು ದಿಕ್ಕು ಕಾಯೋರು, ಒಬ್ಬೊಬ್ಬರು ಅವರವರ ವಾಹನದ ಮೇಲೆ. ಅವರು ಯಾರು ಯಾರು ಅಂತ ನಿನಗೆ ನಾನು ಹೇಳಬೇಕಾ?

ನೆನಪಿದೆಯಾ, ಅಮ್ಮ ನಮ್ಮೂರ ಗುಡಿ ಗುಡಿಸಿ ಮುಗಿಸೋವರೆಗೂ ನಾವಿಬ್ಬರೂ ಮಂಟಪದ ತಣ್ಣನೆ ನೆಲದ ಮೇಲೆ ಅಂಗಾತ ಬಿದ್ದಿರ್ತಿದ್ವಿ. ತಲೆ ದೇವರ ಕಡೆ, ಕಾಲು ಬಾಗಿಲ ಕಡೆ. ನೀನು ಹುಟ್ಟಿದಾಗಿನಿಂದ ಏನನ್ನೂ ನೋಡಿದವಳಲ್ಲ, ಆದರೂ ಪರೀಕ್ಷೆ ಮಾಡ್ತಿದ್ದವಳು ನೀನೇ. ಕಾಲ ಮೇಲೆ ಯಾರು? ಇಂದ್ರ, ಆನೆ. ಬಲಗೈ ಮೇಲೆ? ಯಮ, ಕೋಣ. ತಲೆ ಮೇಲೆ? ವರುಣ, ಮೊಸಳೆ. ಎಡಗೈ ಮೇಲೆ? ಕುಬೇರ, ಕುದುರೆ. ನಾಲ್ಕು ಮೂಲೇಲಿ ಟಗರು, ಮನುಷ್ಯ, ಜಿಂಕೆ, ಎತ್ತು. ತಪ್ಪು ಹೇಳಿದರೆ ಚಿವುಟೋಳು. ಅರ್ಚಕರ ಬಾಯಲ್ಲಿ ಒಂದು ಸಲ ಕೇಳಿಸಿಕೊಂಡಿದ್ದಷ್ಟೇ ನಿನಗೆ ಸಾಕಾಗಿತ್ತು. ನನಗೆ ದಿನಾ ನೋಡಿದರೂ ಚಿವುಟಿಸಿಕೊಳ್ಳೋದು ತಪ್ಪಲಿಲ್ಲ.

ಇಲ್ಲಿ ಮಾಡು ಸೋರ್ತಿತ್ತು, ಒಂದು ತೊಲೆ ಬಿರುಕು ಬಿಟ್ಟಿತ್ತು. ಅದಕ್ಕೇ ಒಂಬತ್ತೂ ಕಲ್ಲು ಇಳಿಸಿ, ತೊಲೆ ಬದಲಾಯಿಸಿ, ಮತ್ತೆ ಏರಿಸಿದ್ವಿ. ನಾಳೆ ಬೆಳಿಗ್ಗೆ ಮೇಲಿನಿಂದ ಗಾರೆ ಸುರೀತಾರೆ. ಸುರಿದ ಮೇಲೆ ಮುಗೀತು, ಇನ್ನೊಂದು ನಾನೂರು ವರ್ಷ ಯಾರೂ ಆ ಕಲ್ಲು ಅಲ್ಲಾಡಿಸಲ್ಲ.

ಇವತ್ತು ಕೆಳಗೆ ಆಸರೆಗೆ ಕೊಟ್ಟಿದ್ದ ಕಂಬಗಳನ್ನೆಲ್ಲಾ ತೆಗೆದರು. ಊಟ ಆದಮೇಲೆ ನೆಲ ತಣ್ಣಗಿದೆ ಅಂತ ಹಳೇ ಅಭ್ಯಾಸದಲ್ಲೇ ಬಿದ್ದುಕೊಂಡೆ. ತಲೆ ದೇವರ ಕಡೆ. ಕಾಲ ಮೇಲೆ ಆನೆ, ಸರಿ. ತಲೆ ಮೇಲೆ ಮೊಸಳೆ, ಸರಿ. ಬಲಗೈ ಮೇಲೆ ನೋಡ್ತೀನಿ, ಕುದುರೆ.

ನೀನು ಚಿವುಟಿದ ಹಾಗೇ ಆಯ್ತು.

ಕೋಣ ಎಡಗಡೆ ಬಂದು ಕೂತಿದೆ. ಟಗರಿನ ಜಾಗಕ್ಕೆ ಎತ್ತು, ಜಿಂಕೆ ಜಾಗಕ್ಕೆ ಮನುಷ್ಯ. ಕುಬೇರನ ಮನೇಲಿ ಯಮ ಬಾಡಿಗೆಗಿದಾನೆ. ಹೇಗಾಯ್ತು ಅಂತ ತಲೆ ಕೆಟ್ಟುಹೋಯ್ತು. ಆಮೇಲೆ ಹೊಳೀತು. ಇಳಿಸೋಕೆ ಮುಂಚೆ ಕಲ್ಲಿಗೆ ನಂಬರ್ ಹಾಕುವಾಗ ಹಲಗೆ ಮೇಲೆ ಅಂಗಾತ ಮಲಗಿ, ಕೆಳಗಿನಿಂದ ನೋಡ್ತಾ, ಗಡಿಯಾರದ ಮುಳ್ಳು ಹೋದ ಹಾಗೆ ಸುತ್ತ ಹಾಕಿದಾರೆ. ಜೋಡಿಸುವಾಗ ಮಾಡಿನ ಮೇಲೆ ನಿಂತು, ಮೇಲಿನಿಂದ ನೋಡ್ತಾ, ಮುಳ್ಳು ಹೋದ ಹಾಗೇ ಸುತ್ತ ಇಟ್ಟಿದಾರೆ. ನೀನು ಈಗ ತೋರುಬೆರಳು ತಲೆ ಮೇಲೆತ್ತಿ, ಮುಳ್ಳು ತಿರುಗೋ ಕಡೆಗೆ ತಿರುಗಿಸು. ತಿರುಗಿಸ್ತಾನೇ ಮೆಲ್ಲಗೆ ಹೊಟ್ಟೆ ಹತ್ತಿರ ಇಳಿಸು. ಕೆಳಗೆ ಬರುವಾಗ ಉಲ್ಟಾ ತಿರುಗ್ತಿರುತ್ತೆ. ಅಷ್ಟೇ ಆಗಿದ್ದು. ಮೊದಲನೇ ಕಲ್ಲು ಆನೆದು, ಅದು ಸರಿಯಾಗಿ ಕೂತಿತು. ಅದರ ಎದುರಿನ ಮೊಸಳೆಯೂ ತಾನಾಗೇ ಸರಿಯಾಯ್ತು. ಎಲ್ಲರೂ ನೋಡಿದ್ದು ಬಾಗಿಲ ಕಡೆ ಆನೆ ಇದೆಯಾ ಅಂತ ಮಾತ್ರ. ಫೋಟೋನೂ ತೆಗೆದಿದ್ದರು, ಒಂದೊಂದು ಕಲ್ಲಿಗೆ ಒಂದೊಂದು. ಕಲ್ಲು ಯಾವುದೂ ತಪ್ಪಿಲ್ಲ, ಕೂತ ಜಾಗ ತಪ್ಪು.

ನಂಬರ್ ಹಾಕಿದ್ದು ನಮ್ಮ ಮೇಸ್ತ್ರಿ. ಅದೇ ಈಗ ಕಷ್ಟ.

ನಾನು ಕೆಲಸ ಇಲ್ಲದೆ ಈ ಊರಿಗೆ ಬಂದು ಬಸ್ ನಿಲ್ದಾಣದಲ್ಲಿ ಮಲಗಿದ್ದಾಗ ಎಬ್ಬಿಸಿ ಕರಕೊಂಡು ಬಂದವರು ಅವರು. ಸುತ್ತಿಗೆಯಲ್ಲಿ ತಟ್ಟಿ ಕಲ್ಲು ಮಾತಾಡೋದು ಕೇಳಿಸಿಕೊಳ್ಳೋಕೆ ಕಲಿಸಿದರು. ಗಟ್ಟಿ ಕಲ್ಲು ಗಂಟೆ ಹಾಗೆ ಅನ್ನುತ್ತೆ, ಒಳಗೆ ಬಿರುಕಿದ್ದದ್ದು ದಬ್ ಅಂತ ಸುಮ್ಮನಾಗುತ್ತೆ. ನಂಬರ್ ಹಾಕ್ತಾ ಹಾಕ್ತಾ ಅವರ ಕತ್ತು ಹಿಡಕೊಂಡು ವಾರವಿಡೀ ಅಡ್ಡಡ್ಡ ನೋಡ್ಕೊಂಡು ಓಡಾಡಿದರು. ಇಂಜಿನಿಯರ್ ಸಾಹೇಬರು ಮೊದಲೇ ಮಾತಿಗೊಂದು ಸಲ, ಮೇಸ್ತ್ರಿ, ಕಣ್ಣು ಸರಿಯಾಗಿ ಕಾಣುತ್ತಾ, ವಯಸ್ಸಾಯ್ತಲ್ಲ ಅಂತ ಕುಟುಕ್ತಾರೆ. ಇದು ನನ್ನ ಕೊನೇ ಮಾಡು, ಇದಾದ ಮೇಲೆ ಮನೆ ಅಂತ ಮೇಸ್ತ್ರಿ ಎಲ್ಲರ ಹತ್ತಿರ ಹೇಳ್ಕೊಂಡು ಬಂದಿದಾರೆ. ಸಂಜೆ ಹೇಳೋಣ ಅಂತ ಹೋದೆ. ಉಳಿಗಳನ್ನ ಎಣ್ಣೆ ಬಟ್ಟೇಲಿ ಒರೆಸಿ ಒರೆಸಿ ಪೆಟ್ಟಿಗೆಗೆ ಇಡ್ತಿದ್ದರು, ಮಗಳ ಮದುವೆ ಮುಗಿಸಿದವರ ಮುಖ. ನೀರು ಕುಡಿದು ಬಂದುಬಿಟ್ಟೆ.

ಬೆಳಿಗ್ಗೆ ಬಸ್ಸು ಹತ್ತಿದರೆ ನನಗೂ ಇದಕ್ಕೂ ಸಂಬಂಧ ಇಲ್ಲ. ಯಾರಿಗೂ ಗೊತ್ತಾಗಲ್ಲ. ಆದರೆ ಅಕ್ಕಾ, ಮುಂದೊಂದು ದಿನ ಯಾವಳೋ ಅಕ್ಕ ತಮ್ಮನನ್ನ ಮಲಗಿಸಿಕೊಂಡು ಬಲಗೈ ಮೇಲೆ ಯಾರು ಅಂತ ಕೇಳ್ತಾಳೆ. ಪಾಪ, ಅವನು ನೋಡಿದ್ದನ್ನೇ ಹೇಳ್ತಾನೆ. ಸುಮ್ಮಸುಮ್ಮನೆ ಚಿವುಟಿಸಿಕೊಳ್ತಾನೆ.

ಚಿಕ್ಕವರಿದ್ದಾಗ ಒಂದು ಸಲ ನಮ್ಮೂರ ಗುಡಿ ಸುತ್ತು ಬರುವಾಗ ದಾರಿಗೆ ಮರಳು ಸುರಿದಿದ್ದರು ಅಂತ ನಿನ್ನ ಇನ್ನೊಂದು ಕಡೆಯಿಂದ, ಅಪ್ರದಕ್ಷಿಣೆಯಾಗಿ ಕರಕೊಂಡು ಹೋದೆ. ಆಗ ಗೋಡೆ ಬುಡದ ಆನೆ ಸಾಲು ನಮ್ಮ ಎದೆ ಮಟ್ಟಕ್ಕೆ ಬರ್ತಿತ್ತು, ನೀನು ಅದರ ಮೇಲೆ ಕೈಯಾಡಿಸ್ತಾನೇ ನಡೆಯೋಳು. ಮಧ್ಯದಲ್ಲಿ ನಿಂತುಬಿಟ್ಟೆ. 'ಆನೆಗಳೆಲ್ಲಾ ಎದುರಿಗೆ ಬರ್ತಿವೆ ಕಣೋ' ಅಂದೆ. ಬಾಲ ಮೊದಲು ಸಿಗಬೇಕಾದ ಕೈಗೆ ಸೊಂಡಿಲು ಸಿಗ್ತಿತ್ತು. ನಾನು ಅಪಶಕುನ ಆಯ್ತೇನೋ ಅಂತ ಅಳೋಕೆ ಶುರು ಮಾಡಿದೆ. ನೀನು ನನ್ನ ಭುಜ ಹಿಡಿದು ತಿರುಗಿಸಿ, 'ಗೊತ್ತಾಯ್ತಲ್ಲ, ತಿರುಗಿದರಾಯ್ತು' ಅಂದೆ. ಅಷ್ಟೇ. ಮನೆಗೆ ಹೋದ ಮೇಲೂ ಯಾರಿಗೂ ಚಾಡಿ ಹೇಳಲಿಲ್ಲ.

ತಡಿ. ಇದನ್ನ ಇಲ್ಲಿಗೆ ನಿಲ್ಲಿಸ್ತೀನಿ. ಹೋಗಿ ಬರ್ತೀನಿ.

ಅಕ್ಕಾ, ಮತ್ತೆ ನಾನೇ. ಹೋಗಿದ್ದೆ.

ಮಲಗಿದ್ದ ಮೇಸ್ತ್ರಿ ಎದ್ದು ಕೂತರು. ನಾನು ಬಾಯಿಬಿಟ್ಟು ಹೆಚ್ಚು ಹೇಳಲಿಲ್ಲ, ಬೆರಳು ಮೇಲೆತ್ತಿ ತಿರುಗಿಸ್ತಾ ಇಳಿಸಿ ತೋರಿಸಿದೆ. ಆಮೇಲೆ ಕೋಣ ಎಡಗಡೆ ಇದೆ ಅಂದೆ. ಅವರೂ ಮಂಚದ ಮೇಲೆ ಕೂತು ಬೆರಳು ತಿರುಗಿಸಿದರು. ಇಳಿಸಿದರು. ಇನ್ನೊಂದು ಸಲ. ಮತ್ತೆ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನಾದರು. ಆ ಸುಮ್ಮನಾಗೋದು ಇದೆಯಲ್ಲ, ಬಿರುಕು ಬಿಟ್ಟ ಕಲ್ಲಿನ ಹಾಗಿತ್ತು. ನನಗೆ ಭಯ ಆಯ್ತು.

ನೀವು ಹೇಳಬೇಡ ಅಂದರೆ ನಾನು ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ ಅಂದೆ.

'ಹೇಳೋನು ನಾನು, ಮರಿ' ಅಂದರು. 'ಗಾರೆ ಕಲಸೋಕೆ ಮುಂಚೆ ಸಾಹೇಬರಿಗೆ ನಾನೇ ಹೇಳ್ತೀನಿ. ಬೈಲಿ. ನೀನು ಪಕ್ಕದಲ್ಲಿ ನಿಂತಿರ್ತೀಯಾ, ಅಷ್ಟು ಸಾಕು.'

ಬಾಗಿಲ ತನಕ ಬಂದು ಕರೆದರು. 'ಲೋ, ಯಮನ್ನ ಕುಬೇರನ ಮನೇಲಿ ಕೂರಿಸಿದೀನಲ್ಲೋ. ಅದಕ್ಕೇ ನೋಡು ಈ ತಿಂಗಳು ಯಾರಿಗೂ ಸಂಬಳ ಬಂದಿಲ್ಲ.' ನಕ್ಕರು. ಕಣ್ಣು ಒರೆಸಿಕೊಂಡರು. ನಾನು ನೋಡದವನ ಹಾಗೆ ಕಿತ್ತುಹೋದ ಚಪ್ಪಲಿ ಹುಡುಕಿದೆ.

ಬಸ್ಸು ಹೋಗಲಿ ಬಿಡು. ನಿಂತಿರ್ತೀನಿ ಅಂದಿದೀನಿ. ಸಾಹೇಬರು ಒಪ್ಪಿದರೆ ಆರು ಕಲ್ಲು ಎತ್ತಿ ಮತ್ತೆ ಇಡಬೇಕು. ಅವರೆಲ್ಲಾ ಮೇಲೆ, ನಾನು ಕೆಳಗೆ ಅಂಗಾತ ಬಿದ್ದು ಬಲಗೈ, ಎಡಗೈ ಅಂತ ಕೂಗೋದು. ಈ ಕೆಲಸದ ಕೊನೆ ನೋಡೇ ಹೋಗ್ತೀನಿ. ಆಮೇಲೆ ಮತ್ತೆ ಪಾದರಸ.

ನೀನು ಬೆಳಿಗ್ಗೆ ಡ್ಯೂಟಿಗೆ ಹೋಗೋ ಮುಂಚೆ ನಮ್ಮೂರ ಗುಡಿ ಕಡೆ ಹೋದರೆ, ಆ ಸಾಲಿನಲ್ಲಿ ಒಂದೇ ಒಂದು ಆನೆ, ತನ್ನ ಮರಿ ಬರ್ತಿದೆಯಾ ಅಂತ ಹಿಂದಕ್ಕೆ ತಿರುಗಿ ನೋಡುತ್ತಲ್ಲ, ಅದರ ಕಿವಿ ಒಂದು ಸಲ ಮುಟ್ಟು, ನಮ್ಮ ಮೇಸ್ತ್ರಿ ಹೆಸರಲ್ಲಿ. ತಣ್ಣಗಿರು ಅಕ್ಕಾ, ನಿನ್ನ ಕೈ ಮುಟ್ಟಿದ್ದೆಲ್ಲಾ ಗಟ್ಟಿಯಾಗಿರಲಿ.

ಚಿವುಟಿಸಿಕೊಂಡೇ ಬೆಳೆದ ನಿನ್ನ ತಮ್ಮ.

ಆಂ, ಏನಾಯ್ತು ಅಂತ ಹೇಳ್ತೀನಿ. ನಾಳೆ ಮಧ್ಯಾಹ್ನ ನಿನ್ನ ಊಟದ ಹೊತ್ತಿಗೆ, ಒಂದೂವರೆಗೆ ಕರೆ ಮಾಡ್ತೀನಿ. ಈ ಸಲ ಎತ್ತು.