ಬೂದಿ ಹೊಂಡದ ಮೇಲೆ ಬಿಸಿಲು

ಮಾರ್ಚ್ ೧೨, ಭಾನುವಾರ

ನನ್ನ ಗುಬ್ಬೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಒಂದು ಒಳ್ಳೆಯ ಸುದ್ದಿ ಸಿಗಲಿ, ಆಮೇಲೆ ಬರೆಯೋಣ ಎಂದು ಕಾಯುತ್ತಿದ್ದೆ. ಈಗ ಸಿಕ್ಕಿದೆ: ನಿಮ್ಮಪ್ಪ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ!

ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಮುಚ್ಚಬೇಕೆಂದು ನೀನು ಆ ಸಭೆಯಲ್ಲಿ ಎದ್ದುನಿಂತು ಮಾತಾಡಿದ ಮೇಲೆ, ನಿನ್ನ ಹೆಸರೆತ್ತಿದರೆ ಸಾಕು, ಅವರು ಎದ್ದು ಹೋಗುತ್ತಿದ್ದರು. ಸ್ಥಾವರ ಮುಚ್ಚಿದ ಮೇಲಂತೂ ಮೂಲೆ ಹಿಡಿದುಬಿಟ್ಟರು. ಅವರನ್ನೂ ಏನೆನ್ನಲಿ ಹೇಳು. ನಿನ್ನ ತಾತ ಸೌದೆ ಕಡಿದು ಮಾರಿದವರು. ಗುಡ್ಡ ಬೋಳಾದಾಗ ಸ್ವಂತ ಒಲೆಗೇ ಸೌದೆ ಇರಲಿಲ್ಲ. ಅಪ್ಪ ಓದಿದ್ದು ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ. ಬಾಯ್ಲರ್ ಉರಿಸಿ ಊರಿಗೆಲ್ಲ ಬೆಳಕು ಕೊಟ್ಟೆ ಎಂಬ ಹೆಮ್ಮೆಯಲ್ಲೇ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದದ್ದು.

ಸ್ಥಾವರದ ಬೂದಿ ಸುರಿಯುತ್ತಿದ್ದ ಹೊಂಡಕ್ಕೆ ಮಣ್ಣು ಮುಚ್ಚಿ ಈಗ ಸೋಲಾರ್ ಪ್ಯಾನೆಲ್ ಹಾಕಿದ್ದಾರೆ. ಹಳಬರಿಗೆ ಕೆಲಸ ಕಲಿಸುತ್ತಾರೆಂದು ಕೇಳಿ ನಾನೇ ಅಪ್ಪನನ್ನು ಎಳೆದುಕೊಂಡು ಹೋದೆ. ಕಲಿಸುವವಳು ನಿನ್ನ ವಾರಿಗೆಯ ಹುಡುಗಿ. ಅಪ್ಪ ಮುಖ ಗಂಟಿಕ್ಕಿಕೊಂಡೇ ಕೇಳಿದರು, "ಇಲ್ಲಿ ಬೆಂಕಿ ಹಾಕೋರು ಯಾರಮ್ಮ?"

"ಸೂರ್ಯ, ಸಾರ್."

"ರಜ ಗಿಜ ಕೇಳಲ್ವಾ ಅವನು?"

"ಕೇಳೋದೇನು ಬಂತು, ದಿನಾ ಸಂಜೆ ಹೇಳ್ದೆ ಕೇಳ್ದೆ ಮನೆಗೆ ಹೋಗ್ತಾನೆ. ಅದಕ್ಕೇ ಬ್ಯಾಟರಿ ಇಟ್ಟಿದೀವಿ."

ಅಪ್ಪ ನಕ್ಕೇಬಿಟ್ಟರು. ಎಷ್ಟು ಕಾಲವಾಗಿತ್ತೇ ಆ ನಗು ಕೇಳಿ! ಈಗ ತಂತಿ ಜೋಡಣೆಯೆಲ್ಲ ಅವರ ಉಸ್ತುವಾರಿ. ಹೊಂಡದ ಅಂಚಿನಲ್ಲಿ ಹುಲ್ಲು ಚಿಗುರಿದೆಯೆಂದು, ತಾವೇ ಬೆಳೆಸಿದವರ ಹಾಗೆ, ಮನೆಗೆ ಬಂದು ವರದಿ ಒಪ್ಪಿಸುತ್ತಾರೆ. ನಾನೂ ಈಗ ಬಟ್ಟೆ ಹೊರಗೇ ಒಣಹಾಕುತ್ತೇನೆ. ಬಿಳಿಯದು ಬಿಳಿಯಾಗಿಯೇ ಒಳಗೆ ಬರುತ್ತದೆ.

ನೀನು ಹಿಡಿದ ಕೆಲಸ ಕೈಗೂಡಲಿ ಮಗಳೇ, ನಿದ್ದೆ ಮಾತ್ರ ಕೆಡಬೇಡ.

ನಿನ್ನ
ಅಮ್ಮ

ತಾ.ಕ.: ಕೆಲಸಕ್ಕೆ ಕುತ್ತು ತಂದೆಯೆಂಬ ಸಿಟ್ಟಿಗೆ ಅಪ್ಪ ನಿನ್ನೊಡನೆ ಮಾತು ಬಿಟ್ಟರು ಎಂದೇ ನಾವಿಬ್ಬರೂ ತಿಳಿದಿದ್ದೆವು. ಅದಲ್ಲ. ಸಭೆಯಲ್ಲಿ ನೀನು, "ನನ್ನ ತಮ್ಮ ಉಸಿರು ಕಟ್ಟಿ ಸತ್ತಿದ್ದು ಈ ಹೊಗೆಯಿಂದ್ಲೇ" ಎಂದೆಯಲ್ಲ, ಆ ಮಾತು ಅವರನ್ನು ಒಳಗೇ ತಿನ್ನುತ್ತಿತ್ತು. ನಿನ್ನೆ ತಟ್ಟೆಯ ಮುಂದೆ ಕೂತು ಕೇಳಿದರು, "ನನ್ನ ಮಗನ್ನ ನಾನೇ ಕೊಂದ್ನೇನೇ?"

"ಗೊತ್ತಿದ್ದಿದ್ರೆ ಅವನ್ನ ಹೆಗಲ ಮೇಲೆ ಹೊತ್ಕೊಂಡು ಅವತ್ತೇ ಊರು ಬಿಡ್ತಿರ್ಲಿಲ್ವೇನ್ರೀ ನೀವು" ಎಂದೆ. ತುಂಬ ಹೊತ್ತು ಅತ್ತರು. ಕೈ ತೊಳೆದು ಬಂದವರೇ, "ಅವಳು ಹೇಳಿದ್ದು ಸರೀನೇ. ಬರೋಕೆ ಹೇಳು. ಬಸ್ ಸ್ಟ್ಯಾಂಡಿಗೆ ನಾನೇ ಹೋಗ್ತೀನಿ" ಎಂದರು.