ದಿನಕ್ಕೊಂದೇ ಊಟದ ವ್ರತ

ಜುಗೂಳ,
೧೨ ಆಗಸ್ಟ್ ೨೦೨೫

ಪ್ರೀತಿಯ ಅಪ್ಪಾ, ಜೈ ಜಿನೇಂದ್ರ.

ನಿಮ್ಮ ಮೊಣಕಾಲು ನೋವು ಹೇಗಿದೆ? ಮುನಿ ಮಹಾರಾಜರ ಚಾತುರ್ಮಾಸದ ಸೇವೆಗೆ ಹೋದವರು ಸೇವೆ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದು ನೇಮ ಹಿಡಿದಿರಲ್ಲ, ಅದನ್ನು ನೆನೆದರೆ ತಲೆ ಬಿಸಿಯಾಗುತ್ತದೆ. ನಿಮ್ಮ ಹೆಂಡತಿಯ ಕಾಯಿಲೆ ನಿಮಗೆ ತಿಳಿಸಲು ನಿಮ್ಮ ತಮ್ಮ ಸಮ್ಮೇದ ಕಾಕಾನ ಕೈಯಲ್ಲಿ ಕಾಗದ ಕಳಿಸಬೇಕಾಗಿದೆ.

ದಿನಕ್ಕೊಂದೇ ಊಟ, ಒಂದೇ ಸಲ ನೀರು ಎಂದು ಅವ್ವ ವ್ರತ ಹಿಡಿದಾಗ ಊರೆಲ್ಲ ಬಂದು ಅವಳ ಕಾಲಿಗೆ ಬಿತ್ತು. ಮಧ್ಯಾಹ್ನದ ಮೇಲೆ ಅವಳ ಕಣ್ಣರೆಪ್ಪೆ ಜೋತು ಬೀಳುತ್ತಿತ್ತು. ಬಸದಿಯಲ್ಲಿ ಅದನ್ನು ಧ್ಯಾನ ಎಂದರು. ಮಾತು ಮೂಗಿನಲ್ಲಿ ಬರತೊಡಗಿ ಅವಳು ಸುಮ್ಮನಾದಾಗ, ಮೌನವೂ ಕೈಗೂಡಿತು ಎಂದು ನೀವೇ ಹೊಗಳಿದಿರಿ. ಹೋದ ವಾರ ಜಪಮಾಲೆ ಹಿಡಿದ ಕೈ ಮೇಲೇಳಲಿಲ್ಲ. ಯಾರ ಮಾತೂ ಕೇಳದೆ ಮಿರಜಿನ ಆಸ್ಪತ್ರೆಗೆ ಕರೆದೊಯ್ದೆ.

ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇರುತ್ತದಂತೆ. ಅದರಲ್ಲಿ ಗಡ್ಡೆ ಬೆಳೆದಿದೆ. ಬಹಳ ಅಪರೂಪದ್ದು, ಸ್ನಾಯುಗಳ ಶಕ್ತಿ ಕುಂದಿದ್ದೂ ಅದರಿಂದಲೇ ಎಂದರು ಡಾಕ್ಟರು. ಗಡ್ಡೆ ತನ್ನ ಪೊರೆ ದಾಟಿಲ್ಲ, ಪೂರ್ತಿ ತೆಗೆದರೆ ಹೆಚ್ಚಿನವರು ಬಹಳ ವರ್ಷ ಬದುಕುತ್ತಾರೆ ಎಂದೂ ಹೇಳಿದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಆದರೆ ಆಪರೇಶನ್ನಿಗೆ ಮೊದಲು ಮೈಗೆ ಬಲ ಬರಬೇಕು. ಅದಕ್ಕೆ ಹೊತ್ತು ಹೊತ್ತಿಗೆ ಮಾತ್ರೆ ನುಂಗಬೇಕು, ತಪ್ಪಿದರೆ ಉಸಿರಿಗೇ ಅಪಾಯ. ಇವಳೋ ಊಟದ ಜೊತೆ ಒಂದು ನುಂಗಿ ಉಳಿದವನ್ನು ಡಬ್ಬಿಗೆ ಹಾಕುತ್ತಾಳೆ. ಬೈದೆ, ಗೋಗರೆದೆ, ಮಾತು ಬಿಟ್ಟೆ. "ವ್ರತ ಮುರಿಯಂಗಿಲ್ಲ" ಎನ್ನುವುದೊಂದೇ ಮಾತು. ಇಂಥ ಹಟಮಾರಿಯ ಜೊತೆ ನೀವು ಇಷ್ಟು ವರ್ಷ ಹೇಗೆ ಬಾಳಿದಿರೋ, ಆ ಜಿನೇಂದ್ರನಿಗೇ ಗೊತ್ತು.

ಮಹಾರಾಜರಿಗೆ ನನ್ನ ನಮೋಸ್ತು ಹೇಳಿ.

ನಿಮ್ಮ ಮಗಳು,
ಬ್ರಾಹ್ಮಿ

ತಾ.ಕ.: ಕಾಕಾ ಗಾಡಿ ಚಾಲೂ ಮಾಡಿ ನಿಂತಿದ್ದಾನೆ. ಈಗಷ್ಟೇ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: "ನಾ ಯಾವ ವ್ರತಾನೂ ತಗೊಂಡಿಲ್ಲವ್ವಾ. ಆಗ ನುಂಗಾಕ ಬರ್ತಿರಲಿಲ್ಲ, ನೀರು ಮೂಗಿನ್ಯಾಗ ಬರ್ತಿತ್ತು. ಅಂಜಿ ಹಂಗಂದೆ. ನಿಮ್ಮಪ್ಪ ಮಹಾರಾಜರ ಮುಂದ ಹೇಳಿ ಹಿಗ್ಗ್ಯಾರ. ಈಗ ಹೆಂಗ ಬಿಡ್ಲಿ?" ಅಪ್ಪಾ, ನಿಮ್ಮ ಹಿಗ್ಗು ಉಳಿಸಲು ಅವಳು ಮಾತ್ರೆ ಬಿಡುತ್ತಿದ್ದಾಳೆ. ಇದೇ ಗಾಡಿಯಲ್ಲಿ ಬನ್ನಿ. ನೀವೇ ಕೈಯಾರೆ ಕೊಟ್ಟರೆ ನುಂಗುತ್ತಾಳೆ.